ವರ್ಷಕ್ಕೊಂದು ದಿನದ ಸುನಿಲ್ ಜೋಶಿ

ಸೆಪ್ಟೆಂಬರ್ 26 ಬಂತೆಂದರೆ ಸಾಕು, ನನ್ನ ಮೊಬೈಲಿಗೆ ಒಂದೇ ಚಿತ್ರ ಬೇರೆಬೇರೆ ಕಡೆಯಿಂದ ಬಂದು ಬೀಳಲು ಶುರುವಾಗುತ್ತದೆ. ಪಿಯುಸಿ ಗೆಳೆಯರ ವಾಟ್ಸಾಪ್ ಗುಂಪು, ಇಂಜಿನಿಯರಿಂಗ್ ಗೆಳೆಯರ ಗುಂಪು, ಗದಗ ಕಡೆಯಿಂದ ಬೆಂಗಳೂರಿಗೆ ಬಂದು ಸೇರಿಕೊಂಡವರ ಗುಂಪು, ಕೊನೆಗೆ ಹಬ್ಬಕ್ಕೆ ಊರಿಗೆ ಹೋಗುವಾಗ ಬಸ್ ಟಿಕೆಟ್ ಮಾಡಿಸಲಿಕ್ಕೆ ಅಂತ ಮಾಡಿಕೊಂಡ ಗುಂಪಿನಲ್ಲೂ ಅದೇ. ಚಿತ್ರದಲ್ಲಿ ನೀಲಿ ಅಂಗಿ ತೊಟ್ಟ ಒಬ್ಬ ಎಡಗೈ ಸ್ಪಿನ್ನರ್, ಪಕ್ಕದಲ್ಲಿ ದಪ್ಪಕ್ಷರದಲ್ಲಿ ನಾಲ್ಕು ಅಂಕಿ: 10-6-6-5. ಕೆಳಗೆ 'ನಮ್ಮ ಗದಗದ ಹುಲಿ' ಅಂತಲೋ, 'ಹೆಮ್ಮೆ ಇದ್ದರೆ ಶೇರ್ ಮಾಡಿ' ಅಂತಲೋ ಒಂದು ಸಾಲು. ಸಂಜೆ ತನಕ ಚಪ್ಪಾಳೆ, ಬೆಂಕಿ, ಕೈಮುಗಿಯುವ ಗುರುತುಗಳ ಸುರಿಮಳೆ. 27ಕ್ಕೆ ಎಲ್ಲ ತಣ್ಣಗೆ. ಮತ್ತೆ ಮುಂದಿನ ವರ್ಷದ ತನಕ ಸುನಿಲ್ ಜೋಶಿ ಅನ್ನುವವರ ಸುದ್ದಿ ಯಾರ ಬಾಯಲ್ಲೂ ಇಲ್ಲ.

ಕ್ರಿಕೆಟ್ಟಿನ ಗಂಧ ಗಾಳಿ ಇಲ್ಲದವರಿಗೆ ಆ ನಾಲ್ಕು ಅಂಕಿಯ ಅರ್ಥ ಹೇಳಿಬಿಡುತ್ತೇನೆ. ಹತ್ತು ಓವರ್ ಬೌಲಿಂಗ್, ಅದರಲ್ಲಿ ಆರು ಓವರಿನಲ್ಲಿ ಒಂದೂ ರನ್ನಿಲ್ಲ, ಉಳಿದ ನಾಲ್ಕು ಓವರಿನಲ್ಲಿ ಒಟ್ಟು ಆರೇ ರನ್ನು, ಬಿದ್ದ ವಿಕೆಟ್ಟು ಐದು. 1999ರ ಸೆಪ್ಟೆಂಬರ್ 26ರಂದು ಕೀನ್ಯಾದ ನೈರೋಬಿಯಲ್ಲಿ, ಎಲ್‌ಜಿ ಕಪ್ ಅನ್ನುವ ಒಂದು ದಿನದ ಪಂದ್ಯಾವಳಿಯಲ್ಲಿ ಆದದ್ದು ಇದು. ಎದುರಿಗಿದ್ದದ್ದು ಸಣ್ಣಪುಟ್ಟ ತಂಡವಲ್ಲ. ಅದೇ ವರ್ಷದ ಜೂನಿನಲ್ಲಿ ವಿಶ್ವಕಪ್ಪಿನ ಸೆಮಿಫೈನಲ್ ಟೈ ಆಗಿ, ಫೈನಲ್ಲಿಗೆ ಒಂದು ರನ್ನು ಕಡಿಮೆ ಬಿದ್ದು ಮನೆಗೆ ಹೋಗಿದ್ದ ದಕ್ಷಿಣ ಆಫ್ರಿಕಾ. ಗಿಬ್ಸ್, ಕ್ರೋನಿಯೆ, ಜಾಂಟಿ ರೋಡ್ಸ್ ಇದ್ದ ತಂಡ. 117ಕ್ಕೆ ಎಲ್ಲರೂ ಔಟ್. ಭಾರತ ಎಂಟು ವಿಕೆಟ್ಟಿನಿಂದ ಗೆದ್ದಿತು.

ನನಗಾಗ ಎರಡು ವರ್ಷ. ಅಂದರೆ ಜೋಶಿ ಅವರು ಭಾರತಕ್ಕೆ ಆಡಿದ್ದನ್ನು ನಾನು ನೋಡೇ ಇಲ್ಲ. ನನ್ನ ವಯಸ್ಸಿನ ಯಾರೂ ನೋಡಿಲ್ಲ. ಯೂಟ್ಯೂಬಿನಲ್ಲಿ ಮಸುಕು ಮಸುಕಾದ ಒಂದೆರಡು ತುಣುಕು, ಮತ್ತೆ ಈ ಫಾರ್ವರ್ಡ್ ಚಿತ್ರ, ನಮ್ಮ ಪೀಳಿಗೆಗೆ ಗೊತ್ತಿರುವ ಸುನಿಲ್ ಜೋಶಿ ಅಂದರೆ ಇಷ್ಟೇ. ಆದರೂ ಆ ಚಿತ್ರಕ್ಕೆ ಬೆಂಕಿ ಗುರುತು ಒತ್ತುವವರಲ್ಲಿ ಮುಕ್ಕಾಲು ಪಾಲು ನಾವೇ! ನೋಡದ ಆಟಕ್ಕೆ ಇಷ್ಟು ಅಭಿಮಾನ ಎಲ್ಲಿಂದ ಬಂತು, ಮತ್ತೆ ಆ ಅಭಿಮಾನದಿಂದ ಯಾರಿಗೇನು ಸಿಕ್ಕಿತು ಅಂತ ಬಹಳ ದಿನದಿಂದ ತಲೆಯಲ್ಲಿ ಓಡುತ್ತಿತ್ತು. ಇವತ್ತು ಬರೆದು ಹಾಕೋಣ ಅನ್ನಿಸಿತು.

ಇದು ತಲೆಗೆ ಹತ್ತಿಕೊಳ್ಳಲಿಕ್ಕೆ ಕಾರಣ ಸುನಿಲ್ ಜೋಶಿ ಅಲ್ಲ, ಒಬ್ಬ ಜಪಾನಿ ಫುಟ್ಬಾಲ್ ಆಟಗಾರ. ಗದಗಕ್ಕೂ ಜಪಾನಿಗೂ ಎಲ್ಲಿಯ ಸಂಬಂಧ ಅಂತೀರಾ? ನಮ್ಮ ಪ್ರಾಜೆಕ್ಟಿನ ಗ್ರಾಹಕರು ಜಪಾನಿನವರು. ಆ ಕಡೆ ಕೂತು ನಮ್ಮ ಜೊತೆ ಕೆಲಸ ಮಾಡುವ ಒಬ್ಬರು ಮೀಟಿಂಗ್ ಶುರುವಾಗುವ ಮೊದಲು ಹವಾಮಾನ ಬಿಟ್ಟರೆ ಫುಟ್ಬಾಲ್ ಬಗ್ಗೆಯೇ ಮಾತಾಡುವವರು. ಅವರ ಪರದೆಯ ಮೇಲೆ ಸದಾ ಒಬ್ಬನೇ ಆಟಗಾರನ ಫೋಟೋ. ಯಾರಿವರು ಅಂತ ಕೇಳಿದೆ. ಹಿದೆತೋಶಿ ನಕಾತಾ. ಆಟ ಬಿಟ್ಟದ್ದು 2006ರಲ್ಲಿ. ಇಷ್ಟು ವರ್ಷ ಆದ ಮೇಲೂ ಈತನ ಹಳೇ ಗೋಲುಗಳ ವಿಡಿಯೋ, ಈತ ತೊಟ್ಟ ಬಟ್ಟೆ, ಈತ ಹೋದ ಊರು, ಎಲ್ಲವನ್ನೂ ಜನ ಹುಡುಕಿ ಹುಡುಕಿ ನೋಡುತ್ತಾರಂತೆ. ಅವತ್ತು ರಾತ್ರಿ ಊಟ ಆದ ಮೇಲೆ ನಾನೂ ಗೂಗಲಿಸಿದೆ. ಗೂಗಲಿಸುತ್ತಾ ಗೂಗಲಿಸುತ್ತಾ ಒಂದು ಗಂಟೆ ದಾಟಿತು.

ನಕಾತಾ ಹುಟ್ಟಿದ್ದು 1977ರಲ್ಲಿ, ಯಮನಾಶಿ ಪ್ರಾಂತ್ಯದ ಕೋಫು ಅನ್ನುವ ಊರಿನಲ್ಲಿ. 1998ರ ವಿಶ್ವಕಪ್ ಆಡಿ, ಆ ವರ್ಷವೇ ಇಟಲಿಯ ಪೆರುಜಿಯಾ ಕ್ಲಬ್ಬಿಗೆ ಹೋದ. ಮೊದಲ ಲೀಗ್ ಪಂದ್ಯದಲ್ಲೇ ಯುವೆಂಟಸ್ ವಿರುದ್ಧ ಎರಡು ಗೋಲು. 2001ರಲ್ಲಿ ರೋಮಾ ಇಟಲಿಯ ಲೀಗ್ ಗೆದ್ದಾಗ ಆ ತಂಡದಲ್ಲಿದ್ದ. ಮೂರು ವಿಶ್ವಕಪ್ ಆಡಿದ. ಕೊನೆಯ ಪಂದ್ಯ 2006ರಲ್ಲಿ ಜರ್ಮನಿಯ ಡಾರ್ಟ್‌ಮುಂಡಿನಲ್ಲಿ, ಬ್ರೆಜಿಲ್ ವಿರುದ್ಧ. ಜಪಾನ್ 1-4ರಿಂದ ಸೋತಿತು. ಪಂದ್ಯ ಮುಗಿದ ಮೇಲೆ ಎಲ್ಲರೂ ಹೊರಟರೂ ಈತ ಮೈದಾನದ ನಟ್ಟನಡುವೆ ಅಂಗಾತ ಬಿದ್ದುಕೊಂಡಿದ್ದ. ಯಾಕೆ ಅಂತ ಹತ್ತು ದಿನದ ಮೇಲೆ ಗೊತ್ತಾಯಿತು: ಆಟಕ್ಕೇ ವಿದಾಯ. ವಯಸ್ಸು ಬರೀ 29. ಹೆಚ್ಚುಕಡಿಮೆ ನನ್ನ ವಯಸ್ಸು. ನಾನಿನ್ನೂ ಪ್ರಮೋಷನ್ನಿಗೆ ಕಾಯುತ್ತಿದ್ದೇನೆ :-)

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಟದ ವಿವರ ಅಲ್ಲ. ಆ ವಿದಾಯದ ಸುದ್ದಿಯನ್ನು ನಕಾತಾ ಪತ್ರಿಕೆಯವರನ್ನು ಕರೆದು ಹೇಳಲಿಲ್ಲ, ತನ್ನ ಸ್ವಂತ ವೆಬ್‌ಸೈಟಿನಲ್ಲಿ ತಾನೇ ಬರೆದು ಹಾಕಿದ. ಜಪಾನಿನ ಪತ್ರಕರ್ತರ ಜೊತೆ ಈತನಿಗೆ ಮೊದಲಿಂದಲೂ ಎಣ್ಣೆ ಸೀಗೇಕಾಯಿ. ಹಾಗಾಗಿ ತೊಂಬತ್ತರ ದಶಕದ ಕೊನೆಯಲ್ಲೇ, ಬಹಳಷ್ಟು ಆಟಗಾರರಿಗೆ ಇಮೇಲ್ ವಿಳಾಸವೂ ಇಲ್ಲದ ಕಾಲದಲ್ಲಿ, ಸ್ವಂತ ತಾಣ ಮಾಡಿಕೊಂಡು ಅಭಿಮಾನಿಗಳಿಗೆ ನೇರವಾಗಿ ಬರೆಯುತ್ತಿದ್ದ. ಆಟ ಬಿಟ್ಟ ಮೇಲೆ ದೇಶ ದೇಶ ತಿರುಗಿದ. ಆಮೇಲೆ ಜಪಾನಿನ 47 ಪ್ರಾಂತ್ಯಗಳನ್ನೂ ಸುತ್ತಿ ಕುಶಲಕರ್ಮಿಗಳನ್ನು, ಅಕ್ಕಿಯಿಂದ ಸಾಕೆ ಅನ್ನುವ ಮದ್ಯ ತಯಾರಿಸುವ ಹಳೇ ಮನೆತನದವರನ್ನು ಭೇಟಿಯಾದ. ಈಗ ಆ ಸಾಕೆಯನ್ನೇ ಜಗತ್ತಿಗೆ ಪರಿಚಯಿಸುವ ಉದ್ಯಮ ನಡೆಸುತ್ತಾನೆ. ಅಂದರೆ ನೆಟ್ಟಿನಲ್ಲಿರುವ ನಕಾತಾ ಒಂದು ಗೋಲಿನ ನಕಾತಾ ಅಲ್ಲ. ಹೋದ ದಾರಿ, ಬಿಟ್ಟ ಕಾರಣ, ಬಿಟ್ಟ ಮೇಲೆ ಹಿಡಿದ ಕೆಲಸ, ಎಲ್ಲ ಅಲ್ಲಿದೆ. ಯಾಕೆಂದರೆ ಅದನ್ನು ಅಲ್ಲಿಟ್ಟವನು ಅವನೇ.

ಸರಿ, ನಮ್ಮವರು ಹೇಗಿದ್ದಾರೆ ನೋಡೋಣ ಅಂತ ಹೊರಟೆ. ಕರ್ನಾಟಕದ ಆಟ ಬಿಟ್ಟ ಕ್ರಿಕೆಟಿಗರಲ್ಲಿ ನೆಟ್ಟಿನಲ್ಲಿ ದೊಡ್ಡ ಅಲೆ ಎಬ್ಬಿಸಿದವರು ರಾಹುಲ್ ದ್ರಾವಿಡ್. 2012ರಲ್ಲಿ ನಿವೃತ್ತರಾದ ಮನುಷ್ಯ 2021ರ ಏಪ್ರಿಲಿನಲ್ಲಿ ಒಂದು ಜಾಹೀರಾತಿನಲ್ಲಿ ಕಾರಿನ ಸನ್‌ರೂಫಿನಿಂದ ಮೇಲೆದ್ದು ಬ್ಯಾಟು ಬೀಸುತ್ತಾ 'ಇಂದಿರಾನಗರದ ಗೂಂಡಾ ನಾನು' ಅಂತ ಕೂಗಿದ್ದೇ ಸೈ, ಎರಡು ದಿನ ದೇಶದಲ್ಲಿ ಬೇರೆ ಮಾತೇ ಇರಲಿಲ್ಲ. ಅನಿಲ್ ಕುಂಬ್ಳೆ ಅವರಿಗೆ ಫೆಬ್ರವರಿ 7 ಇದೆ. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತ ದಿನ. ಆದರೆ ಕುಂಬ್ಳೆ, ದ್ರಾವಿಡ್ ಬಗ್ಗೆ ಪುಸ್ತಕಗಳಿವೆ, ಸಂದರ್ಶನಗಳಿವೆ, ಆ ಒಂದು ದಿನ ತೆಗೆದಿಟ್ಟರೂ ಉಳಿಯುವುದು ಬೆಟ್ಟದಷ್ಟಿದೆ. ಜೋಶಿ ಅವರ ವಿಷಯ ಬಂದರೆ ಹಾಗಲ್ಲ. ಆ ಒಂದು ಸ್ಕೋರ್‌ಕಾರ್ಡ್ ತೆಗೆದಿಟ್ಟರೆ ಫಾರ್ವರ್ಡ್ ಮಾಡುವ ನಮ್ಮ ಕೈಯಲ್ಲಿ ಉಳಿಯುವುದು ಒಂದು ಹೆಸರು, ಒಂದು ಊರು.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ರೋಣದಲ್ಲಿ ನಮ್ಮ ಅಪ್ಪನ ವಯಸ್ಸಿನವರ ಮುಂದೆ 'ಜೋಶಿಯವರ ವಿಡಿಯೋ ನೋಡ್ರಿ' ಅಂತ ಮೊಬೈಲು ಹಿಡಿದರೆ ಅವರು ಕಣ್ಣು ಮುಚ್ಚಿ ತಲೆದೂಗಲಿಕ್ಕೆ ತಯಾರಾಗಿ ಕೂಡುತ್ತಾರೆ! ಅವರ ಪಾಲಿಗೆ ಜೋಶಿ ಅಂದರೆ ಭೀಮಸೇನ ಜೋಶಿ. 1922ರಲ್ಲಿ ರೋಣದಲ್ಲೇ ಹುಟ್ಟಿದವರು. ಗುರುವನ್ನು ಹುಡುಕಿಕೊಂಡು ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ರೈಲು ಹತ್ತಿದ ಕತೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ಟಿಕೆಟ್ಟಿಗೆ ದುಡ್ಡಿಲ್ಲದೆ ರೈಲಿನಲ್ಲಿ ಹಾಡುತ್ತಾ ಹೋದದ್ದು, ಊರೂರು ಅಲೆದದ್ದು, ಕೊನೆಗೆ ಗುರು ಸಿಕ್ಕಿದ್ದು ಇಲ್ಲೇ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಹಾಡು ಕೇಳದವರಿಗೂ ಈ ಕತೆ ಗೊತ್ತು. ಅಂದರೆ ಸಾಧನೆಯ ಜೊತೆ ದಾರಿಯೂ ಜನರ ಬಾಯಲ್ಲಿ ಉಳಿದಿದೆ.

ಎರಡನೇ ಜೋಶಿಯವರದೂ ರೈಲಿನ ಕತೆಯೇ. ಅದನ್ನು ನನಗೆ ಹೇಳಿದ್ದು ನೆಟ್ಟಲ್ಲ, ನಮ್ಮ ಕಾಕಾ.

ಕಾಕಾ ರಿಟೈರ್ ಆದ ಪ್ರೈಮರಿ ಸಾಲಿ ಮಾಸ್ತರು. ರೇಡಿಯೋ ಕಾಮೆಂಟರಿಯ ಕಾಲದ ಮನುಷ್ಯ. ಹೋದ ವರ್ಷದ ಸೆಪ್ಟೆಂಬರಿನಲ್ಲಿ ಅವರಿಗೂ ಆ ಚಿತ್ರ ಫಾರ್ವರ್ಡ್ ಮಾಡಿದ್ದೆ. ತಿರುಗಿ ಫೋನೇ ಬಂತು.

"ಅಲ್ಲಲೇ ತಮ್ಮಾ, ಪ್ರತೀ ವರ್ಷ ಇದನ್ನ ಕಳಸ್ತೀರಲ್ಲ, ಆ ಮನಷ್ಯಾ ಏನ್ ಒಂದ ದಿನ ಆಡ್ಯಾನೇನು?"

ಆಮೇಲೆ ಅರ್ಧ ತಾಸು ಅವರೇ ಮಾತಾಡಿದರು. ಅವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಅಂಕಿ ಸಮೇತ ನಾನು ಆಮೇಲೆ ಹುಡುಕಿ ತಾಳೆ ನೋಡಿದೆ (ಮಾಸ್ತರ ನೆನಪು, ಒಂದೂ ತಪ್ಪಿರಲಿಲ್ಲ!).

ಹುಡುಗನಾಗಿದ್ದಾಗ ಜೋಶಿ ಅವರಿಗೆ ಗದಗದಲ್ಲಿ ಬೇಕಾದಂಥ ಪ್ರಾಕ್ಟೀಸ್ ಸಿಗುತ್ತಿರಲಿಲ್ಲ. ನಸುಕಿನಲ್ಲಿ ಎದ್ದು ಹುಬ್ಬಳ್ಳಿಗೆ ಹೋಗಬೇಕು. ಗದಗದಿಂದ ಹುಬ್ಬಳ್ಳಿಗೆ 60 ಕಿಲೋಮೀಟರಿನ ಹತ್ತಿರ. ಅಲ್ಲಿ ನೆಟ್ಸಿನಲ್ಲಿ ಆಡಿ, ಶಾಲೆ ಶುರುವಾಗುವ ಹೊತ್ತಿಗೆ ವಾಪಸ್ಸು ಗದಗಕ್ಕೆ. ಇದು ಒಂದು ದಿನದ ಮಾತಲ್ಲ, ದಿನದಿನದ್ದು. ನಾನಂತೂ ಲೆಕ್ಕ ಹಾಕಿ ನೋಡಿದೆ: ಹೋಗಿ ಬರುವುದು ಸೇರಿ ದಿನಕ್ಕೆ 120 ಕಿಲೋಮೀಟರು. ವಾರಕ್ಕೆ ಐದು ದಿನ ಅಂದುಕೊಂಡರೂ 600. ನಾನು ಮಾರತ್ತಹಳ್ಳಿಯಿಂದ ಆಫೀಸಿಗೆ ಏಳು ಕಿಲೋಮೀಟರು ಹೋಗಲಿಕ್ಕೆ ಬೈದುಕೊಳ್ಳುತ್ತೇನೆ.

1995-96ರ ರಣಜಿ ಋತುವಿನಲ್ಲಿ ಕರ್ನಾಟಕ ಟ್ರೋಫಿ ಗೆದ್ದಾಗ ಜೋಶಿ ಅವರದು 52 ವಿಕೆಟ್ಟು, ಜೊತೆಗೆ 529 ರನ್ನು. ಒಂದೇ ಋತುವಿನಲ್ಲಿ ಎರಡೂ. ಭಾರತ ತಂಡದ ಬಾಗಿಲು ತೆರೆದದ್ದು ಅದರಿಂದಲೇ. 1996ರ ಜೂನ್ 6ರಂದು ಇಂಗ್ಲೆಂಡಿನ ಎಜ್‌ಬಾಸ್ಟನ್ನಿನಲ್ಲಿ ಮೊದಲ ಟೆಸ್ಟು. ಅವತ್ತು ಅವರ 26ನೇ ಹುಟ್ಟುಹಬ್ಬ ಕೂಡ. ಯಾರಿಗುಂಟು ಇಂಥ ಯೋಗ ಅನ್ನಿಸುತ್ತದೆ ಅಲ್ಲವಾ? ಆ ಟೆಸ್ಟಿನಲ್ಲೇ ಬೆರಳಿಗೆ ಪೆಟ್ಟಾಗಿ ಒಂದು ಓವರೂ ಬೌಲಿಂಗ್ ಮಾಡಲಿಕ್ಕೆ ಆಗಲಿಲ್ಲ. ಸ್ಪಿನ್ನರನಿಗೆ ಬೆರಳು ಅಂದರೆ ಹಾಡುಗಾರನಿಗೆ ಗಂಟಲಿದ್ದ ಹಾಗೆ. ತಂಡದಲ್ಲಿ ಕುಂಬ್ಳೆ ಅಂತೂ ಇದ್ದೇ ಇದ್ದರು, ಉಳಿದ ಒಂದು ಜಾಗಕ್ಕೆ ಯಾವಾಗಲೂ ಎರಡು ಮೂರು ಜನ ಕ್ಯೂ. ಒಳಗೆ, ಹೊರಗೆ, ಒಳಗೆ, ಹೊರಗೆ. ಒಟ್ಟು ಆಡಲು ಸಿಕ್ಕಿದ್ದು 15 ಟೆಸ್ಟು, 69 ಒಂದು ದಿನದ ಪಂದ್ಯ.

ಇನ್ನೊಂದು ಟೆಸ್ಟಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ಕಂಡಿಲ್ಲ. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಇತಿಹಾಸದ ಮೊಟ್ಟಮೊದಲ ಟೆಸ್ಟ್ ಆಡಿತು. ಗಂಗೂಲಿ ಕ್ಯಾಪ್ಟನ್ ಆಗಿ ಮೊದಲ ಟೆಸ್ಟೂ ಅದೇ. ಹೊಸ ಕೂಸು ಅಂದುಕೊಂಡ ಬಾಂಗ್ಲಾ ಮೊದಲ ಇನಿಂಗ್ಸಿನಲ್ಲೇ 400 ಹೊಡೆದು ಎಲ್ಲರ ಬೆವರಿಳಿಸಿತು. ಆ ಇನಿಂಗ್ಸಿನಲ್ಲಿ ಜೋಶಿ ಅವರಿಗೆ 142 ರನ್ನಿಗೆ 5 ವಿಕೆಟ್. ಆಮೇಲೆ ಬ್ಯಾಟು ಹಿಡಿದು 92. ಎರಡನೇ ಇನಿಂಗ್ಸಿನಲ್ಲಿ ಮತ್ತೆ ಮೂರು ವಿಕೆಟ್, ಬಾಂಗ್ಲಾ 91ಕ್ಕೆ ಆಲೌಟ್, ಭಾರತಕ್ಕೆ ಜಯ, ಪಂದ್ಯಪುರುಷ ಸುನಿಲ್ ಜೋಶಿ. ಅದೇ ತಿಂಗಳು ಜಿಂಬಾಬ್ವೆ ವಿರುದ್ಧ ನಾಗಪುರದಲ್ಲಿ ಆಡಿದ್ದು ಕೊನೆಯ ಟೆಸ್ಟು. ಮುಂದಿನ ಮಾರ್ಚಿನಲ್ಲಿ ಹರಭಜನ್ ಆಸ್ಟ್ರೇಲಿಯಾದ 32 ವಿಕೆಟ್ ಕಿತ್ತ ಮೇಲೆ ಆ ಬಾಗಿಲು ಮುಚ್ಚೇ ಹೋಯಿತು.

"ಬಾಗಲಾ ಮುಚ್ಚಿತು ಅಂತ ಮನಿಗೆ ಬಂದು ಕುಂತ್ನೇನು? ಹತ್ತು ವರ್ಷ ರಣಜಿ ಆಡಿದಾ. ಹತ್ತು ವರ್ಷ! ಅದನ್ನ ಯಾರ್ ನೋಡ್ಯಾರ? ಖಾಲಿ ಗ್ರೌಂಡಿನ್ಯಾಗ." ಇದು ಕಾಕಾನ ಮಾತು.

ನಿಜ. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅವರ ಒಟ್ಟು ಲೆಕ್ಕ 615 ವಿಕೆಟ್, 5129 ರನ್. 615ರಲ್ಲಿ ಟೆಸ್ಟಿನವು ಬರೀ 41. ಉಳಿದವುಗಳಲ್ಲಿ ಹೆಚ್ಚಿನವು ಬಿದ್ದದ್ದು ಟಿವಿ ಇಲ್ಲದ, ಜನ ಇಲ್ಲದ, ಸ್ಕೋರು ಮರುದಿನದ ಪೇಪರಿನ ಮೂಲೆಯಲ್ಲಿ ಬರುತ್ತಿದ್ದ ಪಂದ್ಯಗಳಲ್ಲಿ. ಆ ವಿಕೆಟ್ಟುಗಳಿಗೆ ವಿಡಿಯೋ ಇಲ್ಲ. ವಿಡಿಯೋ ಇಲ್ಲದ್ದು ನೆಟ್ಟಿಗೆ ಬರಲಿಲ್ಲ. ನೆಟ್ಟಿಗೆ ಬರದ್ದು ನನ್ನ ಪೀಳಿಗೆಗೆ ಆಗೇ ಇಲ್ಲ. ಕಾಕಾ ಅಂಥವರು ಪೇಪರಿನ ಮೂಲೆ ನೋಡುತ್ತಿದ್ದರಲ್ಲ, ಅವರ ತಲೆಯಲ್ಲಿ ಮಾತ್ರ ಇದೆ. ಕಾಕಾನಿಗೆ ಈಗ ಎಪ್ಪತ್ತೆರಡು.

ಆಟ ಬಿಟ್ಟ ಮೇಲಿನದಂತೂ ಇನ್ನೂ ಸ್ವಾರಸ್ಯ. 2014ರ ಸೆಪ್ಟೆಂಬರಿನಲ್ಲಿ ಕಾಶ್ಮೀರದಲ್ಲಿ ಭಾರೀ ಪ್ರವಾಹ ಬಂತಲ್ಲ, ಶ್ರೀನಗರದ ಕ್ರಿಕೆಟ್ ಮೈದಾನವೂ ಮುಳುಗಿತ್ತು. ಸರಿಯಾಗಿ ಪ್ರಾಕ್ಟೀಸೇ ಇಲ್ಲದೆ ಬಂದ ಜಮ್ಮು ಕಾಶ್ಮೀರದ ತಂಡ ಆ ಡಿಸೆಂಬರಿನಲ್ಲಿ, 40 ಸಲ ರಣಜಿ ಗೆದ್ದಿದ್ದ ಮುಂಬಯಿಯನ್ನು ವಾಂಖೆಡೆ ಮೈದಾನದಲ್ಲೇ ಸೋಲಿಸಿತು. ಆ ತಂಡದ ಕೋಚ್ ಯಾರು? ನಮ್ಮ ಗದಗದ ಸುನಿಲ್ ಜೋಶಿ. 2016ರ ಟಿ20 ವಿಶ್ವಕಪ್ಪಿಗೆ ಒಮಾನ್ ತಂಡ ಬಂದಾಗ ಅವರ ಸ್ಪಿನ್ನರುಗಳಿಗೆ ಹೇಳಿಕೊಡಲಿಕ್ಕೆ ಇದ್ದವರು ಇವರೇ. 2017ರಿಂದ 2019ರ ವಿಶ್ವಕಪ್ಪಿನ ತನಕ ಬಾಂಗ್ಲಾದೇಶಕ್ಕೆ ಸ್ಪಿನ್ ಕೋಚ್. ಯಾವ ದೇಶದ ಮೊದಲ ಟೆಸ್ಟಿನಲ್ಲಿ ಎಂಟು ವಿಕೆಟ್ ಕಿತ್ತರೋ ಅದೇ ದೇಶದ ಹುಡುಗರಿಗೆ ಪಾಠ! 2020ರ ಮಾರ್ಚಿನಲ್ಲಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು, ಆ ವರ್ಷದ ಡಿಸೆಂಬರಿನಲ್ಲಿ ಅಧ್ಯಕ್ಷಗಿರಿ ಚೇತನ್ ಶರ್ಮಾ ಅವರಿಗೆ ಹೋಯಿತು. ಇದರಲ್ಲಿ ಯಾವುದಕ್ಕೂ ನಮ್ಮ ಗುಂಪುಗಳಲ್ಲಿ ಚಿತ್ರವಿಲ್ಲ, ಬೆಂಕಿ ಗುರುತಿಲ್ಲ. ಸೌಕರ್ಯ ಇಲ್ಲದ ಊರಿನಿಂದ ಬಂದವರು, ಸೌಕರ್ಯ ಇಲ್ಲದ ತಂಡಗಳನ್ನೇ ಹಿಡಿದು ಕೆಲಸ ಮಾಡಿದ್ದಾರೆ ಅನ್ನುವುದು ನನಗೆ ಆ 10-6-6-5ಕ್ಕಿಂತ ದೊಡ್ಡದಾಗಿ ಕಾಣಿಸುತ್ತದೆ.

ಹಾಗಂತ ಆ ನಾಲ್ಕು ಅಂಕಿಯನ್ನು ನಾನು ಕೀಳು ಮಾಡುತ್ತಿಲ್ಲ ಮತ್ತೆ! ಲೆಕ್ಕದ ಹುಚ್ಚಿರುವವರಿಗೆ ಹೇಳುತ್ತೇನೆ: ಒಂದು ದಿನದ ಪಂದ್ಯದಲ್ಲಿ ಇದಕ್ಕಿಂತ ಜಿಪುಣತನ ತೋರಿಸಿದವರು ಇದ್ದಾರೆ. ವೆಸ್ಟ್ ಇಂಡೀಸಿನ ಫಿಲ್ ಸಿಮನ್ಸ್ 1992ರಲ್ಲಿ ಸಿಡ್ನಿಯಲ್ಲಿ ಪಾಕಿಸ್ತಾನದ ವಿರುದ್ಧ ಹತ್ತು ಓವರಿಗೆ ಮೂರೇ ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದಿದ್ದ. ನಮ್ಮ ಬೇಡಿ 1975ರ ವಿಶ್ವಕಪ್ಪಿನಲ್ಲಿ ಈಸ್ಟ್ ಆಫ್ರಿಕಾ ವಿರುದ್ಧ ಹನ್ನೆರಡು ಓವರಿಗೆ ಆರು ರನ್ ಕೊಟ್ಟಿದ್ದರು. ಆದರೆ 1999ರ ದಕ್ಷಿಣ ಆಫ್ರಿಕಾದ ಮುಂದೆ ಆರು ರನ್ನಿಗೆ ಐದು ವಿಕೆಟ್ ಅಂದರೆ ಅದು ಅದೇ. ಶೇರ್ ಆಗಲಿ, ಸಾವಿರ ಸಲ ಆಗಲಿ. ನನ್ನ ತಕರಾರು ಅದು ಒಂದೇ ಶೇರ್ ಆಗುತ್ತದಲ್ಲ ಅನ್ನುವುದು.

ವರ್ಷಕ್ಕೊಂದು ದಿನದ ನೆನಪು ನಮ್ಮ ಕಡೆಗೆ ಹೊಸದೇನಲ್ಲ. ನರಗುಂದದವರನ್ನು ಕೇಳಿ. 1980ರ ಜುಲೈ 21ರ ರೈತ ಬಂಡಾಯದ ನೆನಪಿಗೆ ಪ್ರತೀ ಜುಲೈ 21ಕ್ಕೆ ಅಲ್ಲಿಯ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಮೈಕು ಕೂಗುತ್ತದೆ, ಕಾರುಗಳು ಬರುತ್ತವೆ. 22ಕ್ಕೆ ರೈತ ಮತ್ತೆ ಒಬ್ಬನೇ. ಆ ಬಂಡಾಯ ಯಾಕಾಯಿತು, ಮಲಪ್ರಭೆಯ ಕಾಲುವೆಯ ಕರ ಹೇಗೆ ರೈತನ ಕುತ್ತಿಗೆಗೆ ಬಂತು ಅಂತ ತಾರೀಖು ಹೇಳುವುದಿಲ್ಲ. ಅದನ್ನು ಯಾರಾದರೂ ಕೂತು ಹೇಳಬೇಕು. ನೆಟ್ಟೂ ಹಾಗೆಯೇ. ಅದಕ್ಕೆ ತಾರೀಖು ಚೆನ್ನಾಗಿ ನೆನಪಿರುತ್ತದೆ. ಇವತ್ತಿಗೆ ಇಷ್ಟು ವರ್ಷದ ಹಿಂದೆ ಅಂತ ಎಬ್ಬಿಸಿ ತೋರಿಸುತ್ತದೆ. ಅದರ ಹಿಂದಿನದನ್ನು ಹೇಳುವ ಕೆಲಸ ಮನುಷ್ಯರದೇ.

ಇಷ್ಟೆಲ್ಲ ಯಾಕೆ ಕೊರೆಯುತ್ತಿದ್ದೇನೆ ಅಂದರೆ, ಇದರಲ್ಲಿ ನಮ್ಮ ಮನೆಯ ಒಬ್ಬನ ವಿಷಯವೂ ಸೇರಿಕೊಂಡಿದೆ. ಗಜೇಂದ್ರಗಡದಲ್ಲಿರುವ ನಮ್ಮ ಅಕ್ಕನ ಮಗ ಎಂಟನೇ ಇಯತ್ತೆ. ಎಡಗೈ ಸ್ಪಿನ್ನು ಹಾಕುತ್ತಾನೆ. ನಾನು ಹೇಳುವುದಕ್ಕಿಂತ ಹೆಚ್ಚಾಗಿ ಅವನ ಸಾಲಿಯ ಪಿಟಿ ಮಾಸ್ತರು ಹೇಳುತ್ತಾರೆ, ಹುಡುಗನ ಕೈಯಲ್ಲಿ ಏನೋ ಇದೆ ಅಂತ. ಅವನ ಮೊಬೈಲಿನ ಗೋಡೆಯ ಮೇಲೆ (ಅಂದರೆ ಅವರಪ್ಪನ ಮೊಬೈಲು!) 10-6-6-5ರ ಚಿತ್ರ. ಹೋದ ದೀಪಾವಳಿಗೆ ಹೋಗಿದ್ದಾಗ ಕೇಳಿದ:

"ಮಾಮಾ, ಸುನಿಲ್ ಜೋಶಿಗೆ ಹಂಗ ಹಾಕಾಕ ಹುಟ್ಟಾನ ಬರ್ತಿತ್ತೇನು?"

ನೋಡಿ, ಸ್ಕೋರ್‌ಕಾರ್ಡ್ ಮಾತ್ರ ಶೇರ್ ಆದರೆ ಹದಿಮೂರು ವರ್ಷದ ಹುಡುಗನ ತಲೆಯಲ್ಲಿ ಏಳುವ ಪ್ರಶ್ನೆ ಇದು. ಒಂದು ದಿನ ನೈರೋಬಿಯಲ್ಲಿ ಏನೋ ಪವಾಡ ಆಯಿತು, ಪವಾಡ ಮಾಡುವವರು ಹುಟ್ಟುತ್ತಲೇ ಹಾಗೆ, ತನಗೆ ಬಾರದಿದ್ದರೆ ಬರುವುದೇ ಇಲ್ಲ. ನಾನು ಕಾಕಾ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ಹುಬ್ಬಳ್ಳಿಗೆ ಓಡಾಡಿದ್ದು, ಮೊದಲ ಟೆಸ್ಟಿನಲ್ಲಿ ಬೆರಳು, ಒಳಗೆ ಹೊರಗೆ ಆದದ್ದು, 92 ರನ್, ಕಾಶ್ಮೀರದ ಹುಡುಗರು. ಬಾಯಿ ತೆರೆದುಕೊಂಡು ಕೇಳಿದ. ಕೇಳಿ ಮುಗಿಸಿ ಒಂದೇ ಮಾತು:

"ಹಂಗಾದ್ರ ನಾನೂ ದಿನಾ ಹುಬ್ಬಳ್ಳಿಗೆ ಹೋಗಬೇಕಲಾ ಮಾಮಾ. ಇಲ್ಲಿ ಟ್ರೇನ್ ಎಲ್ಲೈತಿ?"

ಅಡುಗೆಮನೆಯಿಂದ ಅಕ್ಕ: "ಹುಬ್ಬಳ್ಳಿಗೆ ಹೋಗಾಂವ ಮೊದಲ ಗಣಿತದಾಗ ಪಾಸಾಗು."

ನಗೆ ಬಂತು, ಆದರೆ ಹುಡುಗನ ಪ್ರಶ್ನೆ ನಗುವಂಥದ್ದಲ್ಲ. ಗದಗ ಜಂಕ್ಷನ್ನು. ಗದಗದ ಹುಡುಗನಿಗೆ ಕಡೆಗೆ ರೈಲಾದರೂ ಇತ್ತು. ಗಜೇಂದ್ರಗಡಕ್ಕೆ ರೈಲೇ ಇಲ್ಲ. ಅಲ್ಲಿಂದ ಗದಗಕ್ಕೆ 50 ಕಿಲೋಮೀಟರಿಗೂ ಮೇಲೆ, ಅಲ್ಲಿಂದ ಹುಬ್ಬಳ್ಳಿ ಇನ್ನೂ 60. ರೋಣದ ತಾಲ್ಲೂಕಿನಲ್ಲಿ ರೈಲು ಹಾದುಹೋಗುತ್ತದೆ, ಆದರೆ ಪೇಟೆಗೆ ಬರುವುದಿಲ್ಲ. ಮಲ್ಲಾಪುರಕ್ಕೋ ಹೊಳೆಆಲೂರಿಗೋ ಹೋಗಿ ಹತ್ತಬೇಕು. ನರಗುಂದಕ್ಕೂ ರೈಲಿಲ್ಲ, ಹುಬ್ಬಳ್ಳಿ ಸೊಲ್ಲಾಪುರ ಹೆದ್ದಾರಿಯ ಬಸ್ಸೇ ಗತಿ. ಅಂದರೆ ಜೋಶಿ ಅವರು ಗದಗದಿಂದ ಏನು ಮಾಡಿದರೋ ಅದನ್ನು ಮಾಡಲಿಕ್ಕೆ ಈ ಮೂರು ಊರಿನ ಹುಡುಗ ಇನ್ನೂ ಒಂದು ತಾಸು ಮೊದಲೇ ಏಳಬೇಕು. ಬೆಂಕಿ ಗುರುತು ಒತ್ತುವ ನಾವ್ಯಾರೂ ಇದನ್ನು ಯೋಚಿಸಿದವರಲ್ಲ. ನಮ್ಮಲ್ಲಿ ಮುಂದಿನ ಜೋಶಿ ಯಾಕೆ ಬರಲಿಲ್ಲ ಅಂತ ಮಾತ್ರ ಗುಂಪಿನಲ್ಲಿ ಚರ್ಚೆ ಆಗುತ್ತದೆ, ರಾತ್ರಿ ಹನ್ನೊಂದರ ತನಕ.

ಜೋಶಿ ಅವರಿಗೆ ಈ ನೆಟ್ಟಿನ ಹೆಸರು ಬೇಕೋ ಬೇಡವೋ ನಾನು ಹೇಳಲಾರೆ, ಅದು ಅವರ ವಿಷಯ. ನಕಾತಾನ ಹಾಗೆ ತಮ್ಮ ಕತೆಯನ್ನು ತಾವೇ ಬರೆಯುತ್ತಾ ಕೂಡುವುದು ಎಲ್ಲರ ಸ್ವಭಾವವೂ ಅಲ್ಲ. ನಮ್ಮ ಕಡೆ ದೊಡ್ಡವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದು ಕಡಿಮೆ, ಬೇರೆಯವರೇ ಹೇಳಬೇಕು. ಭೀಮಸೇನ ಜೋಶಿಯವರ ರೈಲಿನ ಕತೆ ಉಳಿದದ್ದು ಹಾಗೆಯೇ, ಒಬ್ಬರಿಂದ ಒಬ್ಬರ ಬಾಯಿಗೆ. ಹಾಗಾದರೆ ಈ ಜೋಶಿಯವರ ಕತೆ ಹೇಳುವವರು ಯಾರು? ಕ್ರಿಕೆಟ್ ಬರೆಯುವ ಇಂಗ್ಲಿಷ್ ತಾಣಗಳಿಗೆ 15 ಟೆಸ್ಟಿನ ಸ್ಪಿನ್ನರ್ ಒಂದು ಪ್ಯಾರಾ. ನಮಗೆ ಹಾಗಲ್ಲವಲ್ಲ.

ಬ್ಲಾಗು ಬರೆಯುವ ಗೆಳೆಯರಿಗೆ ಒಂದು ಮಾತು. ನಿಮ್ಮ ನಿಮ್ಮ ಊರಲ್ಲೂ ಇಂಥ ಒಬ್ಬರು ಇರುತ್ತಾರೆ. ಕ್ರಿಕೆಟ್ಟೇ ಆಗಬೇಕಿಲ್ಲ. ಹಾಕಿ ಆಡಿದವರು, ಸೈಕಲ್ ರೇಸಿನವರು, ಕುಸ್ತಿಯ ಪೈಲವಾನರು. ನೆಟ್ಟಿನಲ್ಲಿ ಅವರ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ, ಇಲ್ಲವೇ ಅದೂ ಇರುವುದಿಲ್ಲ. ಆ ಅಂಕಿಯ ಹಿಂದಿನದು ನಿಮ್ಮ ಮನೆಯ ಯಾವುದೋ ಕಾಕಾನ, ಮಾವನ, ಹಳೇ ಪಿಟಿ ಮಾಸ್ತರ ತಲೆಯಲ್ಲಿದೆ. ಅರ್ಧ ತಾಸು ಫೋನು ಮಾಡಿ ಕೇಳಿ, ಬರೆದು ಹಾಕಿ. ತಾರೀಖಿಗೆ ಕಾಯಬೇಡಿ.

ಅಂದ ಹಾಗೆ ಹುಡುಗನಿಗೆ ದಿನಾ ಹುಬ್ಬಳ್ಳಿ ಆಗಲಿಲ್ಲ. ಅಕ್ಕ, ಭಾವ ಕೂತು ಲೆಕ್ಕ ಹಾಕಿದರು, ಆಗುವ ಮಾತಲ್ಲ. ಆದರೆ ಗಣಿತದಲ್ಲಿ ಪಾಸಾದ. ಜೂನಿನಿಂದ ಭಾನುವಾರ ಭಾನುವಾರ ನಸುಕಿನ ಬಸ್ಸಿಗೆ ಗದಗಕ್ಕೆ ಹೋಗಿ ಪ್ರಾಕ್ಟೀಸ್ ಮಾಡಿ ಬರುತ್ತಾನೆ. ಮೊದಲ ನಾಲ್ಕು ವಾರ ಭಾವ ಜೊತೆಗೆ ಹೋಗಿದ್ದರು, ಈಗ ಒಬ್ಬನೇ. ಬುತ್ತಿ ಕಟ್ಟಿ ಕೊಟ್ಟಿರುತ್ತಾಳೆ ಅಕ್ಕ, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮೊನ್ನೆ ಫೋನಿನಲ್ಲಿ ಕೇಳಿದೆ, ಹೇಗೆ ನಡೆದಿದೆ ಅಂತ.

"ಮೊದಲನೇ ಓವರಿಗೆ ಹದಿನಾಲ್ಕ ಹೊಡದ್ರು ಮಾಮಾ," ಅಂದ. "ಎರಡನೇದಕ್ಕ ನಾಲ್ಕ."